ಎಡಗಡೆಯ ಕೆಳಮೂಲೆ

ಬೆಳಕವಾಡಿ
9 ಜೂನ್ 2024

ಮಗಳು ದೀಪಿಕಳಿಗೆ ನಿಮ್ಮಪ್ಪನ ಜೈಭೀಮ್.

ನಾನು ಚೆನ್ನಾಗಿದ್ದೇನೆ. ನಿಮ್ಮವ್ವ ಅದಕ್ಕಿಂತ ಚೆನ್ನಾಗಿದ್ದಾಳೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಬೈದು ಮುಗಿದ ಮೇಲೆ ಉಳಿದದ್ದನ್ನು ನನಗೆಂದು ಮನೆಗೆ ತರುತ್ತಾಳೆ. ನೀನೂ ನೀನು ಚಿತ್ರ ಕಲಿಸುವ ಹಾಸ್ಟೆಲ್ ಶಾಲೆಯ ಹುಡುಗಿಯರೂ ಸುಖವಾಗಿದ್ದೀರೆಂದು ತಿಳಿಯುತ್ತೇನೆ.

ಎಣ್ಣೆ ಬಣ್ಣದ ಪಾಠ ಫೋನಿನಲ್ಲೇ ಹೇಳಿಕೊಡುತ್ತೇನೆ ಅಂದೆಯಲ್ಲ, ಅದು ಬೇಡ. ಫೋನಿನಲ್ಲಿ ಕೇಳಿದ್ದು ಡಿಪೋ ಗೇಟು ದಾಟುವಷ್ಟರಲ್ಲಿ ನನಗೆ ಮರೆತುಹೋಗುತ್ತದೆ. ಬರೆದು ಕಳಿಸು. ಗೋಡೆಗೆ ಅಂಟಿಸಿಕೊಂಡು ಒಂದೊಂದೇ ಸಾಲು ಓದಿಕೊಂಡು ಮಾಡುತ್ತೇನೆ. ಅಂಚೆಗೆ ಹಾಕಿ ಕಾಯುತ್ತಾ ಕೂರಬೇಡ. ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಜೊತೆಯ ಡ್ರೈವರ್ ಚಿಕ್ಕಬೋರಯ್ಯ ಇದ್ದಾನೆ. ಈ ಕವರನ್ನು ಅವನೇ ಹನಕೆರೆ ಗೇಟಿನ ಟೀ ಅಂಗಡಿಯಲ್ಲಿ ಬಿಟ್ಟುಹೋಗುತ್ತಾನೆ. ನೀನೂ ಅಲ್ಲೇ ಕೊಟ್ಟಿರು, ವಾಪಸು ಬರುವಾಗ ತರುತ್ತಾನೆ.

ನಾನು ಕಲಿಯಬೇಕೆಂದಿರುವುದು ಒಂದೇ ಚಿತ್ರ. ನೀನು ಮೈಸೂರಿನಲ್ಲಿ ಓದುವಾಗ ತಂದು ನಡುಮನೆಯಲ್ಲಿ ತೂಗುಹಾಕಿದ್ದೀಯಲ್ಲ, ಆ ಹಾಲೆಂಡ್ ದೇಶದ ಚಿತ್ರ. ಬಂಡೆಗಳ ಮೇಲಿಂದ ನೀರು ಬೀಳುತ್ತದೆ, ಪಕ್ಕದಲ್ಲಿ ಮುರಿದ ಮರ, ಮೇಲೆ ಅರ್ಧ ಹಾಳೆಯ ತುಂಬ ಮೋಡ. ನಾನು ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ಅದು ಹಾಲೆಂಡ್ ಅಲ್ಲ, ಆಷಾಢದಲ್ಲಿ ತುಂಬಿ ಬೀಳುವ ನಮ್ಮ ಬ್ಲಫ್ಫಿನ ಜಲಪಾತ. ಯಾರೋ ಕದ್ದು ಬರೆದುಕೊಂಡು ಹೋಗಿದ್ದಾರೆ.

ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಬೇಡ. ಬೆಳಗಿನ ಡ್ಯೂಟಿ ಮುಗಿಸಿ ಬಂದರೆ ಮಧ್ಯಾಹ್ನವೆಲ್ಲಾ ಖಾಲಿ. ಸಂಜೆಯಾದ ಮೇಲೆ ನಾನು ಈಗೀಗ ಎಲ್ಲಿಗೂ ಹೋಗುವುದಿಲ್ಲ. ಮದುವೆಗೆ ಮುಂಚೆ ಬಸ್ಸುಗಳ ಬೋರ್ಡು ಬರೆದ ಕೈ ಇದು. ಬ್ರಷ್ಷು ಹಿಡಿದರೆ ನಡುಗುವುದಿಲ್ಲ.

ಪಾಠಕ್ಕೆ ಕಾದು ಕುಳಿತಿರುವ ಶಿಷ್ಯ,
ಅಪ್ಪ


ಹನಕೆರೆ
13 ಜೂನ್ 2024

ಅಪ್ಪನಿಗೆ ದೀಪಿಕಳ ಜೈಭೀಮ್.

ನಿನ್ನ ಕಾಗದವನ್ನು ಹುಡುಗಿಯರಿಗೆ ಓದಿ ಹೇಳಿದೆ. ಮಿಸ್ಸಿನ ಅಪ್ಪನೇ ಹೋಂವರ್ಕ್ ಕೇಳುತ್ತಿದ್ದಾರೆಂದು ಎಲ್ಲರಿಗೂ ಖುಷಿ. ಸರಿ, ಗೋಡೆಗೆ ಅಂಟಿಸಿಕೋ.

ಆ ಚಿತ್ರ ಮುನ್ನೂರೈವತ್ತು ವರ್ಷ ಹಿಂದಿನದು. ಆ ಕಾಲದ ಚಿತ್ರಗಳನ್ನು ಬರೋಕ್ ಎನ್ನುತ್ತಾರೆ. ನೀನು ಬಿಳಿ ಬೋರ್ಡಿನ ಮೇಲೆ ಕಪ್ಪು ಅಕ್ಷರ ಬರೆದವನು. ಅವರದು ತಲೆಕೆಳಗು. ಮೊದಲು ಇಡೀ ಕ್ಯಾನ್ವಾಸಿಗೆ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಕಲಸಿ ಬಳಿಯಬೇಕು. ಆ ಮಬ್ಬಿನಿಂದ ಬೆಳಕನ್ನು ಒಂದೊಂದಾಗಿ ಎತ್ತಬೇಕು. ಕತ್ತಲಿರುವ ಕಡೆ ಬಣ್ಣ ತೆಳುವಾಗಿರಲಿ, ಬೆಳಕಿರುವ ಕಡೆ ಮಂದವಾಗಿರಲಿ. ಕಪ್ಪು ಟ್ಯೂಬನ್ನು ಮುಟ್ಟಲೇಬೇಡ.

ಮೊದಲ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರಕ್ಕೆ ಹೋಗುತ್ತಾ ಸ್ವಲ್ಪ ಸ್ವಲ್ಪವೇ ಜಾಸ್ತಿ. ಕವರಿನ ಜೊತೆ ಅಗಸೆ ಎಣ್ಣೆಯ ಸಣ್ಣ ಸೀಸೆ ಇಟ್ಟಿದ್ದೇನೆ.

ನಕಲು ಮಾಡುವುದಕ್ಕೆ ಚೌಕ ಹಾಕಿಕೋ. ಚಿತ್ರದ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆ, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕ ಎಳೆ. ಒಂದು ಚೌಕ ಮುಗಿಸಿ ಇನ್ನೊಂದಕ್ಕೆ ಹೋಗು. ಒಂದು ಮಾತು ನೆನಪಿಟ್ಟುಕೋ. ಆ ಚೌಕದೊಳಗೆ ನಿನ್ನ ಕಣ್ಣಿಗೆ ಏನು ಕಾಣುತ್ತದೋ ಅಷ್ಟನ್ನೇ ಬರೆ. ಮರ ಹೀಗಿರುತ್ತದೆ, ಬಂಡೆ ಹೀಗಿರುತ್ತದೆ ಎಂದು ಮನಸ್ಸಿನಿಂದ ತುಂಬಬೇಡ. ನಾನು ಮೊದಲ ವರ್ಷವೆಲ್ಲಾ ಬೈಸಿಕೊಂಡಿದ್ದು ಇದೇ ತಪ್ಪಿಗೆ.

ಅವ್ವನಿಗೆ ಹೇಳು, ನಾನು ಸೊರಗಿಲ್ಲ.

ನಿನ್ನ ಮಿಸ್ಸು,
ದೀಪಿಕ


ಬೆಳಕವಾಡಿ
28 ಜುಲೈ 2024

ದೀಪಿಕ ಮಗಳೇ,

ನಿನ್ನ ಅಪ್ಪ ಒಂದು ಎಡವಟ್ಟು ಮಾಡಿದ್ದಾನೆ. ನೀನು ಕೊಟ್ಟ ಸೀಸೆಯ ಎಣ್ಣೆ ಆಕಾಶಕ್ಕೇ ಮುಗಿದುಹೋಯಿತು. ಎಣ್ಣೆ ಎಂದರೆ ಎಣ್ಣೆ ತಾನೇ ಎಂದುಕೊಂಡು ನಿಮ್ಮವ್ವ ತಲೆಗೆ ಹಚ್ಚುವ ಹರಳೆಣ್ಣೆಯಲ್ಲಿ ಬಣ್ಣ ಕಲಸಿ ಬಂಡೆಗಳನ್ನೆಲ್ಲ ಬರೆದೆ. ಏನು ಹೊಳಪು ಅಂತೀಯ! ವಾರ ಆಯಿತು, ಎರಡು ವಾರ ಆಯಿತು, ಒಣಗುವ ಮಾತೇ ಇಲ್ಲ. ನೊಣಗಳು ಬಂದು ಕೂತು ಅಲ್ಲೇ ಪ್ರಾಣ ಬಿಟ್ಟವು. ನಿಮ್ಮವ್ವ ಬಾಗಿಲಲ್ಲಿ ನಿಂತು, "ತಲೆ ಬಾಚಿ ಜಡೆ ಆಕ್ಬುಡಿ ಅದುಕ್ಕೆ, ಸರಿ ಓಯ್ತದೆ" ಅಂದಳು. ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ ತೆಗೆದು ಮತ್ತೆ ಕಂದು ಬಳಿದಿದ್ದೇನೆ. ಅಗಸೆ ಎಣ್ಣೆ ಇನ್ನಷ್ಟು ಕಳಿಸು.

ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟಿದ್ದಾರೆ. ಬ್ಲಫ್ಫಿನಲ್ಲಿ ಜನವೋ ಜನ. ಬಸ್ಸು ನಿಲ್ಲಿಸಿದರೆ ಭೋರೆಂಬ ಸದ್ದು ಎಂಜಿನ್ನಿನ ಸದ್ದನ್ನೂ ನುಂಗುತ್ತದೆ. ಡ್ಯೂಟಿ ಮುಗಿದ ಮೇಲೆ ಮಧ್ಯಾಹ್ನದ ಬಸ್ಸಿನಲ್ಲಿ ಹೋಗಿ ನೊರೆಯ ಬಣ್ಣ ನೋಡಿಕೊಂಡು ಬಂದೆ. ಅದು ಬಿಳಿ ಅಲ್ಲ ಕಣಮ್ಮ, ಮಜ್ಜಿಗೆಗೆ ಸ್ವಲ್ಪ ಕೆಮ್ಮಣ್ಣು ಬಿದ್ದ ಹಾಗೆ. ನಿನ್ನ ಹಾಲೆಂಡಿನವನೂ ಹಾಗೇ ಬರೆದಿದ್ದಾನೆ.

ಆಗಸ್ಟಿನಿಂದ ಡ್ಯೂಟಿ ಬದಲಾಗುತ್ತಿದೆ. ಬೆಳಗಿನ ಪಾಳಿ ಹೋಯಿತು, ಸಂಜೆ ಮಳವಳ್ಳಿಯಿಂದ ಬ್ಲಫ್ಫಿಗೆ ಹೋಗುವ ಬಸ್ಸು ಕೊಟ್ಟಿದ್ದಾರೆ. ಬೇರೆಯವರ ಜೊತೆ ಅದಲು ಬದಲು ಮಾಡಿಕೊಳ್ಳಲು ನೋಡಿದೆ, ಯಾರೂ ಒಪ್ಪಲಿಲ್ಲ. ಇರಲಿ ಬಿಡು.

ನೊಣ ಬಿಡಿಸುತ್ತಿರುವ,
ಅಪ್ಪ


ಬೆಳಕವಾಡಿ
22 ಸೆಪ್ಟೆಂಬರ್ 2024

ಮಗಳೇ,

ಮುಗಿಯಿತು! ಒಣಗಿದೆ ಕೂಡ. ಹಳೆಯ ಪಂಚೆಯಲ್ಲಿ ಸುತ್ತಿ, ಎರಡು ಕಡೆ ರಟ್ಟು ಕಟ್ಟಿ, ಚಿಕ್ಕಬೋರಯ್ಯನ ಸೀಟಿನ ಹಿಂದೆ ಇಟ್ಟು ಕಳಿಸಿದ್ದೇನೆ. ಎಲ್ಲೂ ಮುಚ್ಚುಮರೆ ಇಲ್ಲದೆ ತಪ್ಪು ಹೇಳು. ಹುಡುಗಿಯರಿಗೂ ತೋರಿಸು. ಮೋಡ ಚೆನ್ನಾಗಿ ಬಂದಿದೆ ಎಂದು ನನಗೇ ಅನಿಸುತ್ತಿದೆ, ಆದರೆ ಅದನ್ನು ನಾನು ಹೇಳಬಾರದು.

ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಕೂತು, ಚೌಕ ಚೌಕವಾಗಿ, ನೀನು ಹೇಳಿದಂತೆ ಕಂಡಷ್ಟನ್ನೇ ಬರೆದಿದ್ದೇನೆ. ಒಂದು ಎಳೆಯನ್ನೂ ಮನಸ್ಸಿನಿಂದ ತುಂಬಿಲ್ಲ.

ಸಂಜೆ ಡ್ಯೂಟಿ ಸಾಕಪ್ಪಾ ಸಾಕು ಅನಿಸಿದೆ. ಈಗಿನ ಕಾರುಗಳ ಲೈಟು ಕಣ್ಣಿಗೆ ಸೂಜಿಯ ಹಾಗೆ ಚುಚ್ಚುತ್ತದೆ. ಹೋದ ವಾರ ಕಬ್ಬಿನ ಗಾಡಿಗೆ ಬಸ್ಸಿನ ಕನ್ನಡಿ ತಗುಲಿ ಒಡೆಯಿತು. ಗಾಡಿಗೆ ಒಂದು ಲಾಟೀನಾದರೂ ಕಟ್ಟಬಾರದೇ? ಕಂಡಕ್ಟರ್ ಶಶಿಧರ್ ಮಾತ್ರ, "ಲಾಟೀನು ಇತ್ತಲ್ಲಣ್ಣಾ" ಅಂತಾನೆ. ಅವನಿಗೆ ನಾನು ಏನು ಮಾಡಿದರೂ ಒಂದು ಹುಳುಕು.

ಮಾರ್ಕ್ಸ್ ಕಾರ್ಡಿಗೆ ಕಾಯುತ್ತಿರುವ,
ಅಪ್ಪ


ಹನಕೆರೆ
25 ಸೆಪ್ಟೆಂಬರ್ 2024

ಅಪ್ಪ,

ಚಿತ್ರ ನನ್ನ ಕೊಠಡಿಯ ಕಿಟಕಿಯ ಹತ್ತಿರ ಇದೆ. ಹುಡುಗಿಯರು ಬಂದು ಬಂದು ನೋಡಿ ಹೋಗುತ್ತಿದ್ದಾರೆ. ಮೋಡದಲ್ಲಿ ಮಳೆಯ ಭಾರ ಇದೆ. ನೀರು ಬಂಡೆಗೆ ಬಡಿದು ಒಡೆಯುವ ಕಡೆ ನಿನ್ನ ಕೈ ಎಲ್ಲೂ ಹೆದರಿಲ್ಲ. ನನಗೆ ಕಲಿಸಿದವರು ನೋಡಿದ್ದರೆ ನನ್ನನ್ನು ಹೊರಗೆ ಕಳಿಸಿ ನಿನ್ನನ್ನು ಸೇರಿಸಿಕೊಳ್ಳುತ್ತಿದ್ದರು. ಹೊಗಳಿಕೆ ಅಲ್ಲ, ನಿಜ ಹೇಳುತ್ತಿದ್ದೇನೆ.

ಒಂದೇ ಒಂದು ಪ್ರಶ್ನೆ. ಎಡಗಡೆಯ ಕೆಳಮೂಲೆಯಲ್ಲಿ, ಮರದ ಕೆಳಗೆ, ಕಾಲುದಾರಿಯಲ್ಲಿ ಇಬ್ಬರು ನಡೆದು ಬರುತ್ತಾರಲ್ಲ, ಗಂಡಸಿನ ತಲೆಯ ಮೇಲೆ ಹೊರೆ ಇದೆ, ಹಿಂದೆ ಒಂದು ನಾಯಿ. ಅವರನ್ನು ಯಾಕೆ ಬಿಟ್ಟೆ? ಕಷ್ಟ ಎಂದು ಬಿಟ್ಟಿದ್ದರೆ ಹೇಳು, ಸಣ್ಣ ಬ್ರಷ್ಷಿನಲ್ಲಿ ಹೇಗೆ ಬರೆಯುವುದೆಂದು ತೋರಿಸುತ್ತೇನೆ.

ನೂರಕ್ಕೆ ತೊಂಬತ್ತು ಕೊಟ್ಟಿರುವ,
ದೀಪಿಕ


ಬೆಳಕವಾಡಿ
27 ಸೆಪ್ಟೆಂಬರ್ 2024

ಮಗಳೇ,

ಯಾವ ಇಬ್ಬರು? ಯಾವ ನಾಯಿ?

ನೀನು ಬೇರೆ ಚಿತ್ರ ನೋಡಿಕೊಂಡು ಬರೆದಿದ್ದೀಯ ಎಂದುಕೊಂಡು ಗೋಡೆಯ ಚಿತ್ರವನ್ನು ಮತ್ತೆ ನೋಡಿದೆ. ಆ ಮೂಲೆಯಲ್ಲಿ ಬರೀ ಕತ್ತಲೆ. ನಿಮ್ಮವ್ವನನ್ನು ಕರೆದೆ. ಅವಳು ಬೆರಳಿಟ್ಟು, "ಇಲ್ಲೇ ಅವ್ರಲ್ಲಾ ಕಣಿ, ಇಬ್ರು. ನಾಯೂ ಅದೆ. ನಿಮ್ಗೆ ಕಾಣಾಕಿಲ್ವಾ?" ಅಂದಳು. ಅವಳ ಬೆರಳು ಕಂಡಿತು, ಅವರು ಕಾಣಲಿಲ್ಲ. ಆಮೇಲೆ ಚಿತ್ರವನ್ನು ಅಂಗಳದ ಬಿಸಿಲಿಗೆ ಒಯ್ದೆ. ಅಲ್ಲಿ ಕಂಡರು, ನಾಯಿಯೂ ಕಂಡಿತು.

ಮನೆಯ ಟ್ಯೂಬ್‌ಲೈಟ್ ಮಂದವಾಗಿದೆ, ಬೇರೆ ಏನಿಲ್ಲ. ಹೊಸದು ತಂದು ಹಾಕುತ್ತೇನೆ. ಹತ್ತು ಮಾರ್ಕ್ಸು ಕಡಿದಿದ್ದೀಯ, ಪರವಾಗಿಲ್ಲ.

ಅಪ್ಪ


ಹನಕೆರೆ
3 ಅಕ್ಟೋಬರ್ 2024

ಅಪ್ಪ,

ಕವರಿನ ಮೇಲೆ ಅಂಚೆ ಚೀಟಿ ನೋಡಿ ನಿನಗೆ ಆಶ್ಚರ್ಯ ಆಗಿರಬೇಕು. ಇದು ಚಿಕ್ಕಬೋರಯ್ಯ ಮಾವನ ಕೈಗೆ ಕೊಡುವಂಥ ಕಾಗದ ಅಲ್ಲ. ಒಬ್ಬನೇ ಇದ್ದಾಗ ಓದು.

ಐದು ದಿನದಿಂದ ನಿನ್ನ ಚಿತ್ರವನ್ನೇ ನೋಡುತ್ತಿದ್ದೇನೆ. ಮೂಲ ಚಿತ್ರದ ಇನ್ನೊಂದು ಪ್ರತಿ ಶಾಲೆಯ ಪುಸ್ತಕದಲ್ಲಿದೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ಚೌಕ ಚೌಕವಾಗಿ ಹೋಲಿಸಿದೆ. ಬೆಳಕಿರುವ ಚೌಕಗಳಲ್ಲಿ ಒಂದು ಕೂದಲೂ ತಪ್ಪಿಲ್ಲ. ಕತ್ತಲಿರುವ ಚೌಕಗಳಲ್ಲಿ ನೀನು ಏನನ್ನೂ ಬರೆದಿಲ್ಲ. ನನಗೆ ನಿದ್ದೆ ಕೆಡಿಸಿದ್ದು ಆ ಇಬ್ಬರು ಮತ್ತು ನಾಯಿ ಅಲ್ಲ. ಅವರು ನಡೆದು ಬರುವ ದಾರಿ ಮರದ ಕೆಳಗೆ ಬಲಕ್ಕೆ ತಿರುಗುತ್ತದೆ. ತಿರುವಿನಲ್ಲಿ ದಂಡೆ ಮುಗಿದು ನೀರು ಶುರುವಾಗುತ್ತದೆ. ನೀನು ತಿರುವನ್ನೇ ಬರೆದಿಲ್ಲ. ನಿನ್ನ ಚಿತ್ರದಲ್ಲಿ ದಾರಿ ನೇರವಾಗಿ ಹೋಗಿ ನೀರಿಗೆ ಬಿದ್ದುಬಿಡುತ್ತದೆ.

ನೀನು ಊಹೆ ಮಾಡಿ ಬರೆಯುವವನಲ್ಲ. ಕಂಡಷ್ಟನ್ನೇ ಬರೆ ಎಂದು ನಾನೇ ಹೇಳಿದ್ದೆ, ನೀನು ಹಾಗೇ ಮಾಡಿದ್ದೀಯ. ಅದಕ್ಕೇ ನನಗೆ ಹೆದರಿಕೆ.

ಟ್ಯೂಬ್‌ಲೈಟ್ ಮಾತು ಬೇಡ ಅಪ್ಪ. ಅದೇ ಟ್ಯೂಬ್‌ಲೈಟಿನಲ್ಲಿ ಅವ್ವನಿಗೆ ಕಂಡಿತಲ್ಲ. ಕಳೆದ ವರ್ಷ ನನ್ನ ಗೆಳತಿ ಅಮೃತಳ ಮದುವೆಯಲ್ಲಿ ಕರೆಂಟು ಮಂಕಾದಾಗ ನೀನು ಪಂಕ್ತಿಯಲ್ಲಿ ಬೇರೆಯವರ ಎಲೆ ತುಳಿದೆ, ನಾವೆಲ್ಲ ನಕ್ಕೆವು. ಸಂಜೆ ಎಲ್ಲಿಗೂ ಹೋಗುವುದಿಲ್ಲ ಎಂದು ನೀನೇ ಬರೆದಿದ್ದೆ. ಕಬ್ಬಿನ ಗಾಡಿಗೆ ಲಾಟೀನು ಇತ್ತು ಎಂದು ಶಶಿಧರ್ ಹೇಳಿದ್ದಾನೆ. ಒಂದೊಂದಾಗಿ ಬಂದಾಗ ಏನೂ ಅನಿಸಲಿಲ್ಲ.

ನಿನ್ನ ಬಸ್ಸು ನಾಲೆ ಏರಿಯ ಮೇಲೆ ಹೋಗುತ್ತದೆ. ಅಲ್ಲಿ ತಡೆಗೋಡೆ ಇಲ್ಲ. ಅಪ್ಪ, ಸಂಜೆ ನಿನಗೆ ರಸ್ತೆಯ ಅಂಚು ಕಾಣುತ್ತದೆಯಾ?

ಒಂದೇ ಸಾಲು ಬರೆ, ಸಾಕು.

ದೀಪಿಕ


ಬೆಳಕವಾಡಿ
19 ಅಕ್ಟೋಬರ್ 2024

ದೀಪಿಕ,

ನಾನು ನಿಮ್ಮವ್ವ ನಾಗಮಣಿ. ಟ್ರೈನಿಂಗಿಗೆಂದು ಮಂಡ್ಯಕ್ಕೆ ಹೊರಟಿರುವ ನಮ್ಮ ಅಂಗನವಾಡಿ ಟೀಚರ್ ಕೈಯಲ್ಲಿ ಇದನ್ನು ಕೊಟ್ಟು ಕಳಿಸಿದ್ದೇನೆ. ನಿಮ್ಮಪ್ಪನಿಗೆ ಗೊತ್ತಿಲ್ಲ.

ನಿನ್ನ ಕಾಗದವನ್ನು ಎರಡು ಸಲ ಓದಿ, ಸ್ನಾನದ ಒಲೆಗೆ ಹಾಕಿದರು. ಹಾಕುವ ಮೊದಲು ನಾನೂ ನೋಡಿದ್ದೆ. "ಮಗಳು ಕೇಳಿರೋದು ಸರಿಯಾಗೇ ಅದಲ್ಲ, ಒಂದ್ ಸಲ ಡಾಕ್ಟ್ರುಗ್ ತೋರ್ಸಾನ" ಅಂದೆ. "ನಿಂಗೂ ತಲೆ ಕೆಟ್ಟದಾ? ಮೂವತ್ ವರ್ಸ ಓಡ್ಸಿವ್ನಿ ಕಣೆ. ಆ ರೋಡು ನನ್ ಅಂಗೈಲ್ ಅದೆ" ಎಂದು ರೇಗಿದರು. ಆ ದಿನ ಊಟ ಮಾಡಲಿಲ್ಲ.

ನಾನು ನೋಡಿಯೂ ನೋಡದ ಹಾಗೆ ಇದ್ದೆ ಮಗಳೇ. ಸಂಜೆಯಾದರೆ ಚಪ್ಪಲಿಯನ್ನು ಕಾಲಲ್ಲಿ ತಡಕುತ್ತಾರೆ. ನೀರಿನ ಚೊಂಬು ಪಕ್ಕದಲ್ಲೇ ಇದ್ದರೂ ಕೊಡು ಅಂತಾರೆ. ಬಸ್ಸು ಬಿಟ್ಟ ಮೇಲೆ ಆ ಶಶಿಧರ್ ಬೈಕಿನಲ್ಲಿ ಬಾಗಿಲವರೆಗೂ ತಂದು ಬಿಟ್ಟು, ಒಳಗೆ ಹೋಗುವ ತನಕ ಲೈಟು ಆರಿಸದೆ ನಿಲ್ಲುತ್ತಾನೆ. ಅವನಿಗೆ ಎಷ್ಟು ಗೊತ್ತೋ ನಾನು ಕೇಳಿಲ್ಲ. ಕೇಳಿದರೆ ನಿಜ ಹೇಳಿಬಿಡುತ್ತಾನೆ ಎಂಬ ಭಯ.

ಆ ಬಸ್ಸಿನಲ್ಲಿ ಯಾರು ಬರುತ್ತಾರೆ ಗೊತ್ತಲ್ಲ. ಗಾರ್ಮೆಂಟ್ಸ್ ಕೆಲಸ ಮುಗಿಸಿಕೊಂಡು ಬರುವ ನಮ್ಮ ಅಂಗನವಾಡಿ ಮಕ್ಕಳ ತಾಯಂದಿರು. ಆ ಮಕ್ಕಳಿಗೆ ಮಧ್ಯಾಹ್ನ ಅನ್ನ ಬಡಿಸುವಾಗ ನನ್ನ ಕೈ ಬರುವುದಿಲ್ಲ. ಬೈಕಿನ ಸದ್ದು ಕೇಳುವ ತನಕ ನನ್ನ ಜೀವ ನನ್ನಲ್ಲಿ ಇರುವುದಿಲ್ಲ.

ನನ್ನ ಮಾತು ಕೇಳುವುದಿಲ್ಲ. ನೀನು ಏನಾದರೂ ಮಾಡು.

ನಿಮ್ಮವ್ವ


ಬೆಳಕವಾಡಿ
24 ಅಕ್ಟೋಬರ್ 2024

ದೀಪಿಕ,

ನಿನ್ನ ಫೋನನ್ನು ನಾನು ತೆಗೆಯುತ್ತಿಲ್ಲ ಎಂದು ಅವ್ವನ ಹತ್ತಿರ ದೂರು ಹೇಳಿದೆಯಂತೆ. ತೆಗೆದರೆ ಬಾಯಿಗೆ ಬಂದದ್ದು ಆಡಿಬಿಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವರ್ಷ ಕಣ್ಣಿನ ತಪಾಸಣೆ ಆಗಿದೆ. ಗೋಡೆಯ ಮೇಲಿನ ಕೊನೇ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಓದಿದ್ದೇನೆ. ಕನ್ನಡಕ ಕೂಡ ಬೇಡ ಅಂದರು. ಒಂದು ನಾಯಿಯ ಚಿತ್ರ ಕಾಣಲಿಲ್ಲ ಎಂದು ನೀನು ನನ್ನನ್ನು ಸ್ಟೇರಿಂಗ್‌ನಿಂದ ಇಳಿಸಲು ಹೊರಟಿದ್ದೀಯ.

ನಿಮ್ಮ ತಾತ ಮರಿಸಿದ್ದಯ್ಯ ಊರ ಬೀದಿ ಗುಡಿಸಿದವನು. ಮಳವಳ್ಳಿಗೆ ಹೋಗಬೇಕಾದರೆ ಒಳಗೆ ಸೀಟು ಖಾಲಿ ಇದ್ದರೂ ಬಸ್ಸಿನ ಹಿಂದಿನ ಏಣಿ ಹತ್ತಿ ಮೂಟೆಗಳ ಜೊತೆ ಕೂರುತ್ತಿದ್ದ. ನಾನು ಅವನ ಪಕ್ಕದಲ್ಲಿ ಕೂತು ಹೋಗಿದ್ದೇನೆ. ಇವತ್ತು ಅದೇ ಊರಿನವರು ನಾನು ಬಂದು ಬಸ್ಸು ನಿಲ್ಲಿಸಲಿ ಎಂದು ಕೈ ಅಡ್ಡ ಹಿಡಿದು ನಿಲ್ಲುತ್ತಾರೆ. ನಾನು ಹಾರ್ನ್ ಹೊಡೆದರೆ ಗೌಡರ ಗಾಡಿಯೂ ಪಕ್ಕಕ್ಕೆ ಹೋಗುತ್ತದೆ. ನಮ್ಮ ಕೇರಿಯಲ್ಲಿ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದ ಮೊದಲನೆಯವನು ನಾನು.

ಕಣ್ಣು ಕಾಣುವುದಿಲ್ಲ ಎಂದರೆ ನನಗೆ ಯಾವ ಕೆಲಸ ಕೊಡುತ್ತಾರೆ? ಬಂದ ಬಸ್ಸುಗಳನ್ನು ಗುಡಿಸಿ ತೊಳೆಯುವ ಕೆಲಸ. ನಮ್ಮಪ್ಪ ಕೆಳಗಿಟ್ಟ ಪೊರಕೆಯನ್ನು ನಾನು ಎತ್ತಿಕೊಳ್ಳಬೇಕಾ? ನೀನೇ ಹೇಳು.

ಇನ್ನು ಮೇಲೆ ಚಿತ್ರದ ವಿಷಯ ಬರೆಯಬೇಡ. ಬಣ್ಣದ ಟ್ಯೂಬುಗಳನ್ನು ಕಟ್ಟಿಟ್ಟಿದ್ದೇನೆ.

ಕೆಂಪರಾಜು


ಹನಕೆರೆ
11 ನವೆಂಬರ್ 2024

ಅಪ್ಪ,

ಮೊನ್ನೆ ಶನಿವಾರ ನಾನು ಊರಿಗೆ ಬಂದಾಗ ಯಾವ ಬಸ್ಸಿಗೆ ಬಂದೆ ಎಂದು ನೀನು ಕೇಳಿದೆ. ಆಟೋದಲ್ಲಿ ಬಂದೆ ಅಂದೆ. ಊಟಕ್ಕೆ ನಿನ್ನ ಎದುರೇ ಕೂತಿದ್ದೆ. ನೀನು ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿದೆ. ಆಗ ಹೇಳಬೇಕೆಂದಿದ್ದೆ, ಹೇಳದೆ ಮುದ್ದೆ ತಿಂದು ಎದ್ದೆ.

ಆಟೋ ಆಮೇಲೆ ಸಿಕ್ಕಿದ್ದು. ನಾನು ಮೊದಲು ಕಾದಿದ್ದು ನಿನ್ನ ಬಸ್ಸಿಗೆ. ಮಳವಳ್ಳಿಯಲ್ಲಿ ಹತ್ತದೆ, ಬೇಕೆಂದೇ ಮುಂದೆ ಬಂದು ನಾಲೆ ಏರಿಯ ಸ್ಟಾಪಿನಲ್ಲಿ ಹೊತ್ತು ಮುಳುಗುವ ತನಕ ನಿಂತಿದ್ದೆ. ನಿನಗೆ ಕಾಣಲಿ ಎಂದು ಬಿಳಿ ದುಪಟ್ಟಾ ಹಾಕಿಕೊಂಡಿದ್ದೆ. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು, ಅವಳ ಕೈಯಲ್ಲಿ ಸಣ್ಣ ಮಗು. ದೀಪ ಹಾಕಿಕೊಂಡು ನಿನ್ನ ಬಸ್ಸು ಬಂತು. ಇಬ್ಬರೂ ಕೈ ಅಡ್ಡ ಹಿಡಿದೆವು. ಕಾಲೇಜಿಗೆ ಹೋಗುವಾಗ ಅರ್ಧ ಮೈಲಿಯಿಂದಲೇ ನನ್ನ ನಡಿಗೆ ಗುರುತಿಸಿ ಹಾರ್ನ್ ಹೊಡೆಯುತ್ತಿದ್ದವನು ನೀನು.

ನೀನು ನಿಲ್ಲಿಸಲಿಲ್ಲ, ನಿಧಾನವೂ ಮಾಡಲಿಲ್ಲ. ಎಡಗಡೆಯ ಚಕ್ರ ಟಾರು ಬಿಟ್ಟು ಮಣ್ಣಿಗಿಳಿದು ನಮ್ಮ ಮೇಲೇ ಬಂತು. ಆ ಹೆಂಗಸು ಮಗುವನ್ನು ಎಳೆದುಕೊಂಡು ಹಿಂದಕ್ಕೆ ಬಿದ್ದಳು. "ಕಣ್ ಕಾಣಾಕಿಲ್ವೇನೋ ನಿಂಗೆ!" ಎಂದು ಕೂಗಿದಳು. ಅವಳದು ಬರೀ ಬೈಗುಳ, ನನಗೆ ಅದು ನಿಜ ಎಂದು ಗೊತ್ತಿತ್ತು.

ಒಳಗಿನ ದೀಪದಲ್ಲಿ ನಿನ್ನ ಮುಖ ಕಂಡಿತು. ನನ್ನಪ್ಪ ಒಂದೇ ಕೈಯಲ್ಲಿ ಬಸ್ಸು ತಿರುಗಿಸುವವನು. ಮೊನ್ನೆ ಎರಡೂ ಕೈಯಲ್ಲಿ ಸ್ಟೇರಿಂಗ್ ಅವುಚಿಕೊಂಡು, ಕತ್ತು ಚಾಚಿ, ಗಾಜಿಗೆ ಮುಖ ತಾಗಿಸಿದ್ದೆ. ನೀನು ಹೆದರಿದ್ದೆ ಅಪ್ಪ. ನಿನಗೆ ಎಲ್ಲಾ ಗೊತ್ತಿದೆ.

ಪೊರಕೆಯ ಮಾತು ಬರೆದಿದ್ದೆಯಲ್ಲ. ಅದನ್ನು ಓದಿ ಅತ್ತಿದ್ದೇನೆ. ಆದರೂ ಕೇಳು. ಡಿಪೋ ಮ್ಯಾನೇಜರಿಗೆ ಒಂದು ಅರ್ಜಿ ಬರೆದಿಟ್ಟಿದ್ದೇನೆ, ಮಗಳು ಎಂದೇ ಸಹಿ ಮಾಡಿದ್ದೇನೆ. ಬರುವ ಸೋಮವಾರದೊಳಗೆ ನೀನೇ ಹೋಗಿ ಹೇಳು. ಇಲ್ಲದಿದ್ದರೆ ಅದನ್ನು ನಾನು ಕೊಡುತ್ತೇನೆ. ನೀನು ಬದುಕಿರುವ ತನಕ ನನ್ನ ಜೊತೆ ಮಾತು ಬಿಟ್ಟರೂ ಸರಿ. ನಾಲೆಯಿಂದ ಬಸ್ಸು ಎತ್ತುವುದನ್ನು ನೋಡುತ್ತಾ ಏರಿಯ ಮೇಲೆ ನಿಲ್ಲುವುದಕ್ಕಿಂತ ಅದು ವಾಸಿ.

ನಿನ್ನ ಮಗಳು


ಬೆಳಕವಾಡಿ
20 ನವೆಂಬರ್ 2024

ದೀಪಿಕ, ನನ್ನ ತಾಯಿ,

ಅರ್ಜಿಯನ್ನು ಹರಿದು ಹಾಕು. ಇನ್ನು ಅದು ಬೇಕಾಗಿಲ್ಲ.

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಸೋಮವಾರದ ತನಕ ಸಮಯ ಕೊಟ್ಟಿದ್ದೀಯಲ್ಲ, ಶನಿವಾರದ ಟ್ರಿಪ್ಪೊಂದು ಮುಗಿಸಿಬಿಡೋಣ ಎಂದು ಹೋದೆ. ಅಷ್ಟು ಮೂರ್ಖ ನಾನು. ಮೋಡ ಕವಿದು ಬೇಗ ಕತ್ತಲಾಯಿತು. ನಾಲೆ ಏರಿಯ ಮೇಲೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಪೂರ್ತಿ ಲೈಟು ಹಾಕಿಕೊಂಡು ಬಂತು. ಅದು ಪಕ್ಕಕ್ಕೆ ಹೋಯಿತು. ಆಮೇಲೆ ಏನೂ ಇಲ್ಲ. ಕಣ್ಣು ಬಿಟ್ಟೇ ಇದ್ದೇನೆ, ರಸ್ತೆಯೂ ಇಲ್ಲ, ಏರಿಯೂ ಇಲ್ಲ, ನನ್ನ ಬಸ್ಸಿನ ಮೂತಿಯೂ ಇಲ್ಲ. ಬ್ರೇಕು ತುಳಿದೆ. ಬಸ್ಸು ನಿಂತಿತು, ಸ್ವಲ್ಪ ಎಡಕ್ಕೆ ವಾಲಿ ನಿಂತಿತು.

ಶಶಿಧರ್ ಮೊಬೈಲ್ ಲೈಟು ಹಿಡಿದುಕೊಂಡು ಇಳಿದು ಮುಂದಕ್ಕೆ ಹೋಗಿ ನೋಡಿ ಬಂದ. ಅವನ ಧ್ವನಿಯೇ ಬದಲಾಗಿತ್ತು. "ಅಣ್ಣಾ, ಬ್ರೇಕಿಂದ ಕಾಲ್ ತೆಗೀಬ್ಯಾಡ. ಅಲ್ಲಾಡ್ಬ್ಯಾಡ" ಅಂದ. ಹಿಂದಿನ ಬಾಗಿಲಿನಿಂದ ಒಬ್ಬೊಬ್ಬರನ್ನೇ ಇಳಿಸಿದ. ಅಷ್ಟು ಹೊತ್ತೂ ನಾನು ಬ್ರೇಕು ತುಳಿದುಕೊಂಡು ಕೂತಿದ್ದೆ. ಕೆಳಗೆ ನಾಲೆಯ ನೀರು ಹರಿಯುವ ಸದ್ದು ಕೇಳುತ್ತಿತ್ತು. ಎಲ್ಲರೂ ಇಳಿದ ಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು ನನ್ನನ್ನೂ ಕೈ ಹಿಡಿದು ಇಳಿಸಿದರು.

ಯಾರೋ "ಏನಾಯ್ತಣ್ಣಾ?" ಎಂದು ಕೇಳಿದರು. ಬ್ರೇಕ್ ಫೇಲು, ಸ್ಟೇರಿಂಗ್ ಜಾಮು, ಏನು ಬೇಕಾದರೂ ಹೇಳಬಹುದಿತ್ತು. ಬಾಯಲ್ಲಿ ಅದು ಬರಲಿಲ್ಲ. "ಕತ್ಲಾದ್ರೆ ನಂಗ್ ಕಾಣಾಕಿಲ್ಲ ಕಣ್ರಪ್ಪಾ" ಅಂದೆ. ದಿನಾ ನನ್ನ ಹಿಂದಿನ ಸೀಟಿನಲ್ಲೇ ಕೂರುವ ಗಾರ್ಮೆಂಟ್ಸಿನ ಮಂಗಳಮ್ಮ ಮುಂದೆ ಬಂದಳು. ಅವಳು ಕೂಗಲಿಲ್ಲ, ಬೈಯಲಿಲ್ಲ. "ಅಂಗಾರೆ ಇಷ್ಟ್ ದಿಸ್ವೂ ಕಾಣ್ದಲೇ ನಮ್ಮುನ್ನ ಕೂರುಸ್ಕಂಡು ಓಡುಸ್ದಾ ನೀನು?" ಎಂದು ಕೇಳಿದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳುತ್ತಿತ್ತು. ಈಗಲೂ ಕೇಳುತ್ತಿದೆ.

ಅದೇ ರಾತ್ರಿ ಡಿಪೋದಲ್ಲಿ ಎಲ್ಲವನ್ನೂ ನಾನೇ ಹೇಳಿ, ಬರೆದುಕೊಟ್ಟು ಬಂದೆ. ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ.

ನಿನ್ನೆ ನಿಮ್ಮವ್ವ ಮಂಡ್ಯಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ಔಷಧಿ ಬಿಟ್ಟು, ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆಯಂತೆ. ಮೊದಲು ಇರುಳುಗಣ್ಣು, ಆಮೇಲೆ ಸುತ್ತಲಿಂದಲೂ ಕತ್ತಲೆ ಒತ್ತಿಕೊಂಡು ಬರುತ್ತದಂತೆ. ನಡುವಿನ ನೋಟ ಕೊನೆಯ ತನಕ ಚೆನ್ನಾಗಿರುತ್ತದಂತೆ, ಅದಕ್ಕೇ ಗೋಡೆಯ ಅಕ್ಷರಗಳನ್ನು ಓದಿದ್ದೆ. ವಾಸಿ ಮಾಡುವ ಔಷಧಿ ಇಲ್ಲ ಅಂದರು. ಅದನ್ನು ನಾನು ತಡೆದುಕೊಂಡೆ.

ಆಮೇಲೆ ಡಾಕ್ಟರು, "ನಿಮ್ಮ ತಂದೆ ತಾಯಿಗೆ ಯಾರಿಗಾದ್ರೂ ಹೀಗಿತ್ತಾ?" ಎಂದು ಕೇಳಿದರು. ಇಲ್ಲ ಅಂದೆ. ಹೇಳಿದ ಮೇಲೆ ನೆನಪಾಯಿತು. ಗದ್ದೆಯಿಂದ ಸಂಜೆ ಬರುವಾಗ ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡೇ ನಡೆಯುತ್ತಿದ್ದ. ಬದುವಿನಲ್ಲಿ ಎಡವುತ್ತಿದ್ದ. ಕುಡಿದಿದ್ದಾನೆ ಎಂದು ಊರೆಲ್ಲ ನಗುತ್ತಿತ್ತು. ನಮ್ಮಪ್ಪ ಕುಡಿದವನೇ ಅಲ್ಲ. ಇದೆಲ್ಲವನ್ನೂ ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಮಕ್ಕಳೆಷ್ಟು?" ಅಂದರು.

ಒಬ್ಬಳೇ ಮಗಳು ಅಂದೆ.

"ಕರ್ಕೊಂಡು ಬನ್ನಿ. ಇದು ವಂಶದಲ್ಲಿ ಬರೋದು. ಅವರಿಗೂ ಬಂದಿರಬೇಕು ಅಂತೇನಿಲ್ಲ, ಬಂದಿಲ್ಲ ಅಂತಾನೂ ಹೇಳೋಕಾಗಲ್ಲ. ನೋಡಬೇಕು. ಏನ್ ಮಾಡ್ತಾರೆ ಮಗಳು?" ಎಂದು ಕೇಳಿದರು.

ಬಾಯಿ ತೆರೆದೆ. ಚಿತ್ರ ಬರೆಯುತ್ತಾಳೆ ಎಂದು ಹೇಳಲು ನನ್ನಿಂದ ಆಗಲಿಲ್ಲ. ನಿಮ್ಮವ್ವ ಹೇಳಿದಳು.

ನಿನ್ನೆಯಿಂದ ಮೂರು ನಾಲ್ಕು ಸಲ ನಿನ್ನ ನಂಬರು ಒತ್ತಿ ಕಟ್ ಮಾಡಿದ್ದೇನೆ. ನೀನು ಎತ್ತಿ ಹಲೋ ಅಂದರೆ ನಾನು ಏನು ಕೇಳಲಿ? ಅದಕ್ಕೆ ಬರೆಯುತ್ತಿದ್ದೇನೆ. ನಾಲೆಯ ಮೇಲೆ ಹೆದರಿದ್ದೆ ಕಣಮ್ಮ, ಆದರೆ ಅದನ್ನು ಹೆದರಿಕೆ ಎನ್ನಬಾರದು, ಇದರ ಮುಂದೆ ಅದು ಏನೂ ಅಲ್ಲ.

ರಜ ಹಾಕಿ ಶನಿವಾರ ಬಾ. ಮಧ್ಯಾಹ್ನದ ಬಸ್ಸಿಗೇ ಬಾ ಮಗಳೇ, ಹೊತ್ತು ಮುಳುಗುವುದರೊಳಗೆ ಮನೆ ಸೇರು.

ನಿನ್ನ ಅಪ್ಪ